ಕೋಲಾರದ ಲಿಬರೇಟರ್‌ಗಳು ಮತ್ತು ಮೋಡದ ಕಾಟ

ಚಿನ್ನದ ಗಣಿ, ರೇಷ್ಮೆ, ಬತ್ತಿದ ಕೆರೆಗಳು. ಕೋಲಾರ ಎಂದೊಡನೆ ಜನರ ನೆನಪಿಗೆ ಬರುವುದು ಇಷ್ಟೇ. ಎರಡನೇ ಮಹಾಯುದ್ಧದ ಕೊನೆಯ ವರ್ಷಗಳಲ್ಲಿ ಇಲ್ಲಿ ಬ್ರಿಟಿಷ್ ವಾಯುಪಡೆಯ ನೆಲೆಯೊಂದಿತ್ತು, ನಾಲ್ಕು ಎಂಜಿನ್‌ಗಳ ಭಾರೀ ಬಾಂಬರ್‌ಗಳು ಇಲ್ಲಿಂದ ಏರಿ ಇಳಿಯುತ್ತಿದ್ದವು ಎಂಬುದು ಜಿಲ್ಲೆಯವರಲ್ಲೇ ಅನೇಕರಿಗೆ ತಿಳಿಯದು. ಲಿಬರೇಟರ್ ವಿಮಾನ ನಡೆಸಲು ಬೇಕಾದ ತರಬೇತಿಯನ್ನು ಇಲ್ಲಿನ ‘1673 ಹೆವಿ ಕನ್ವರ್ಷನ್ ಯೂನಿಟ್’ ನೀಡುತ್ತಿತ್ತು. 1944ರ ನವೆಂಬರ್ 8ರಂದು ಅದರ ಒಂದು ಭಾಗವೇ ‘358ನೇ ಸ್ಕ್ವಾಡ್ರನ್’ ಎಂಬ ಹೊಸ ದಳವಾಯಿತು. ಅದು ಹುಟ್ಟಿದ್ದು ಕೋಲಾರದಲ್ಲಿ. ದುಡಿದದ್ದು ಬರ್ಮಾ, ಸಯಾಂ, ಇಂಡೋಚೀನಾಗಳ ಆಕಾಶದಲ್ಲಿ.

ಈ ದಳದ ಕಥೆಯಲ್ಲಿ ಜಪಾನೀಯರಷ್ಟೇ ದೊಡ್ಡ ಪಾತ್ರ ಹವೆಯದು. ಪೆಸಿಫಿಕ್ ಯುದ್ಧವನ್ನೇ ವಸ್ತುವಾಗಿಸಿಕೊಂಡ ಕಂಪ್ಯೂಟರ್ ಆಟಗಳನ್ನು ಆಡುವವರಿಗೆ ಇದು ಹೊಸ ವಿಷಯವಲ್ಲ. 1992ರಲ್ಲಿ ಬಂದ ‘ಪೆಸಿಫಿಕ್ ವಾರ್’, 2004ರ ‘ವಾರ್ ಇನ್ ದಿ ಪೆಸಿಫಿಕ್’ ಮೊದಲಾದ ಆಟಗಳಲ್ಲಿ ಆಟಗಾರನೇ ಸೇನಾಪತಿ. ನಾಳೆ ಇಂಥ ಬಂದರಿನ ಮೇಲೆ ದಾಳಿ ಎಂದು ಆತ ಅಪ್ಪಣೆ ಮಾಡಬಹುದು. ಹವೆ ಮಾತ್ರ ಅವನ ಮಾತು ಕೇಳುವುದಿಲ್ಲ. ಮೋಡ ಕವಿದರೆ ದಾಳಿ ರದ್ದಾದೀತು, ವಿಮಾನಗಳು ಗುರಿ ಕಾಣದೆ ಮರಳಿಯಾವು, ಶತ್ರುವಿನ ಒಂದು ಗುಂಡೂ ತಾಗದೆ ನಷ್ಟವಾದೀತು. ಹೊಸ ಆಟಗಾರನಿಗೆ ಇದು ಅನ್ಯಾಯವೆನಿಸುತ್ತದೆ. ಇತಿಹಾಸ ನೋಡಿದರೆ, ಆಟಕ್ಕಿಂತ ನಿಜವೇ ಹೆಚ್ಚು ಕಠಿಣವಾಗಿತ್ತು.

ಏರುವ ಮೊದಲೇ ಅಡ್ಡಿ

ಹವೆಯ ಪ್ರಭಾವ ನೆಲದಿಂದಲೇ ಶುರು. ಕೋಲಾರ ಸಮುದ್ರಮಟ್ಟದಿಂದ ಸುಮಾರು 820 ಮೀಟರ್ ಎತ್ತರದಲ್ಲಿದೆ. ಈ ಎತ್ತರದಲ್ಲಿ ಗಾಳಿಯ ಸಾಂದ್ರತೆ ಕಡಲತೀರಕ್ಕಿಂತ ನೂರಕ್ಕೆ ಏಳೆಂಟು ಭಾಗ ಕಡಿಮೆ. ಬೇಸಿಗೆಯ ಮಧ್ಯಾಹ್ನ ಅದು ಇನ್ನಷ್ಟು ತೆಳುವಾಗುತ್ತದೆ. ಗಾಳಿ ತೆಳುವಾದಷ್ಟೂ ರೆಕ್ಕೆಗೆ ಸಿಗುವ ಒತ್ತಾಸೆ ಕಡಿಮೆ, ಎಂಜಿನ್ನಿನ ಬಲವೂ ಕಡಿಮೆ. ತುಂಬಿದ ಲಿಬರೇಟರ್ ಹೆಚ್ಚು ದೂರ ಓಡಿಯೇ ನೆಲ ಬಿಡಬೇಕು. ಇಂಧನ ಜಾಸ್ತಿಯೋ ಬಾಂಬು ಜಾಸ್ತಿಯೋ ಎಂಬ ಲೆಕ್ಕಕ್ಕೆ ಉಷ್ಣಮಾಪಕವನ್ನೂ ನೋಡಬೇಕಾಗುತ್ತಿತ್ತು.

358ನೇ ದಳ ಹುಟ್ಟಿದ್ದು ವಿಶಾಖ ಮಳೆಯ ದಿನಗಳಲ್ಲಿ. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದರೆ ಮುಳಬಾಗಿಲು, ಶ್ರೀನಿವಾಸಪುರಗಳಲ್ಲಿ ಸೋನೆ ಹಿಡಿಯುತ್ತದೆ. ಸೂರ್ಯನ ಮುಖ ಕಾಣದ ದಿನಗಳು ಬರುತ್ತವೆ. ಕೋಲಾರದ ಪಕ್ಕದ ಶತಶೃಂಗ ಬೆಟ್ಟಸಾಲು, ಮುಳಬಾಗಿಲಿನ ಬಂಡೆಗುಡ್ಡಗಳು ತಗ್ಗಿನ ಮೋಡದಲ್ಲಿ ಮರೆಯಾಗುತ್ತವೆ. ಕಣ್ಣಳತೆಯಲ್ಲೇ ಇಳಿಯಬೇಕಾಗಿದ್ದ ಕಾಲದಲ್ಲಿ ಹೀಗೆ ಮರೆಯಾದ ಗುಡ್ಡಕ್ಕಿಂತ ಅಪಾಯ ಬೇರೊಂದಿಲ್ಲ. ಮೋಡ ಕೆಳಗಿಳಿದಾಗ ರೈಲು ಹಳಿಯನ್ನು ನೋಡಿಕೊಂಡು ಹಾರುವುದು ಅಂದಿನ ಚಾಲಕರಲ್ಲಿ ಎಲ್ಲೆಡೆ ಇದ್ದ ರೂಢಿ. ಬೆಂಗಳೂರಿನಿಂದ ಮಾಲೂರು, ಬಂಗಾರಪೇಟೆಗಳ ಮೂಲಕ ಮದರಾಸಿನ ಕಡೆ ಸಾಗುವ ಹಳಿಯಂಥದ್ದು ಅಂಥವರಿಗೆ ಒಳ್ಳೆಯ ದಾರಿತೋರುಕ. ಡಿಸೆಂಬರ್, ಜನವರಿಗಳ ಮುಂಜಾನೆಯ ಮಂಜು ಮತ್ತೊಂದು ತೊಡಕು. ಶ್ರೀನಿವಾಸಪುರದ ಮಾವಿನ ಹೂವಿಗೆ ಕೇಡು ಮಾಡುವ ಮಂಜು ರನ್‌ವೇಯನ್ನೂ ಮುಚ್ಚುತ್ತದೆ.

ಹಾಗಿದ್ದರೂ ವರ್ಷಕ್ಕೆ ಸರಾಸರಿ 700 ಮಿಲಿಮೀಟರ್‌ನ ಆಸುಪಾಸು ಮಳೆಯ ಈ ಒಣ ಬಯಲುಸೀಮೆ, ಬಂಗಾಳ ಮತ್ತು ಅಸ್ಸಾಮಿನ ಜಡಿಮಳೆಗೆ ಹೋಲಿಸಿದರೆ ವಿಮಾನ ಕಲಿಯುವವರಿಗೆ ವರವೇ ಸರಿ. ರೈತನಿಗೆ ಶಾಪವಾದ ಬೋಳು ಆಕಾಶ ತರಬೇತಿಗೆ ಅನುಕೂಲ.

ದಾರಿಯಲ್ಲಿ ಮೋಡದ ಗೋಡೆ

ಎರಡನೆಯ ಕಂಟಕ ದಾರಿಯದು. ಮೇ ನಡುವಿನಿಂದ ಅಕ್ಟೋಬರ್‌ವರೆಗೆ ಭಾರತ ಮತ್ತು ಬರ್ಮಾಗಳ ಗಡಿಯ ಬೆಟ್ಟಗಳ ಮೇಲೆ ಮುಂಗಾರಿನ ಗುಡುಗುಮೋಡಗಳು ಎದ್ದು ನಿಲ್ಲುತ್ತವೆ. ಇವುಗಳ ತಲೆ 40,000 ಅಡಿಯನ್ನೂ ದಾಟಬಲ್ಲದು; ಲಿಬರೇಟರ್ ಏರಬಲ್ಲ ಎತ್ತರ 28,000 ಅಡಿಯ ಆಸುಪಾಸು. ಹಾರಿ ದಾಟುವಂತಿಲ್ಲ, ಸುತ್ತಿ ಹೋದರೆ ಇಂಧನ ಸಾಲದು, ಕೆಳಗೆ ನುಸುಳಿದರೆ ಬೆಟ್ಟ. ಒಳಹೊಕ್ಕರೆ ಮೇಲಕ್ಕೆ ನುಗ್ಗುವ ಗಾಳಿ ಒಂದೆಡೆ, ಕೆಳಕ್ಕೆ ಬೀಳುವ ಗಾಳಿ ಇನ್ನೊಂದೆಡೆ. ರೆಕ್ಕೆಯ ಮೇಲೆ ಮಂಜುಗಡ್ಡೆ ಕಟ್ಟಿದರೆ ವಿಮಾನದ ತೂಕ ಹೆಚ್ಚುವುದಷ್ಟೇ ಅಲ್ಲ, ರೆಕ್ಕೆಯ ಆಕಾರವೇ ಕೆಟ್ಟು ಎತ್ತುವ ಶಕ್ತಿ ಕುಗ್ಗುತ್ತದೆ.

1944ರ ಆಗಸ್ಟ್ 10ರಂದು ನಡೆದದ್ದು ಇದಕ್ಕೆ ಸಾಕ್ಷಿ. ಮಣಿಪುರದ ಪಲೇಲ್‌ನಿಂದ ಕಲ್ಕತ್ತೆ ಬಳಿಯ ಬೈಗಾಚಿಗೆ ಹೊರಟ 615ನೇ ಸ್ಕ್ವಾಡ್ರನ್ನಿನ 16 ಸ್ಪಿಟ್‌ಫೈರ್ ವಿಮಾನಗಳು ಮುಂಗಾರಿನ ಮೋಡಕ್ಕೆ ಸಿಕ್ಕಿದವು. ಎಂಟು ವಿಮಾನಗಳು ನಾಶವಾದವು. ದಳದ ನಾಯಕನೂ ಸೇರಿ ನಾಲ್ವರು ಚಾಲಕರು ಸತ್ತರು. ಅಂದು ಅಲ್ಲಿ ಶತ್ರು ವಿಮಾನ ಒಂದೂ ಇರಲಿಲ್ಲ.

ಮುನ್ಸೂಚನೆ ಇರಲಿಲ್ಲವೇ? ಭಾರತದ ಹವಾಮಾನ ಇಲಾಖೆ 1875ರಿಂದಲೂ ಇತ್ತು. ಬಲೂನು ಹಾರಿಸಿ ಮೇಲಿನ ಗಾಳಿಯನ್ನು ಅಳೆಯುವ ಕ್ರಮವೂ ಇತ್ತು. ಆದರೆ 1942ರಲ್ಲಿ ಬರ್ಮಾ ಜಪಾನೀಯರ ವಶವಾದ ಮೇಲೆ ಅಲ್ಲಿನ ಕೇಂದ್ರಗಳ ವರದಿ ನಿಂತಿತು. ಉಪಗ್ರಹದ ಚಿತ್ರಗಳಿಲ್ಲದ ಆ ಕಾಲದಲ್ಲಿ ಗಡಿಯಾಚೆಯ ಮೋಡವನ್ನು ಅರಿಯಲು ಇದ್ದ ನಂಬಿಕೆಯ ದಾರಿ, ವಿಮಾನದಲ್ಲೇ ಹೋಗಿ ನೋಡಿಬರುವುದು.

ಪೆಸಿಫಿಕ್ಕಿನಲ್ಲೂ ಇದೇ ಕಥೆ. 1944ರ ನವೆಂಬರ್ 24ರಂದು ಮರಿಯಾನಾ ದ್ವೀಪಗಳಿಂದ 111 ಬಿ-29 ಬಾಂಬರ್‌ಗಳು ಟೋಕಿಯೊದ ವಿಮಾನ ಎಂಜಿನ್ ಕಾರ್ಖಾನೆಯತ್ತ ಹೊರಟವು. ಎತ್ತರದಲ್ಲಿ ಗಂಟೆಗೆ 200 ಕಿಲೋಮೀಟರ್‌ಗೂ ಮೀರಿದ ಗಾಳಿಯ ಹೊಳೆ ಅವುಗಳನ್ನು ತಳ್ಳಿಕೊಂಡು ಹೋಯಿತು. ಕೆಳಗೆ ಮೋಡ. ಕಾರ್ಖಾನೆಯ ಮೇಲೆ ಬಾಂಬು ಹಾಕಲು ಸಾಧ್ಯವಾದದ್ದು 24 ವಿಮಾನಗಳಿಗೆ ಮಾತ್ರ. ಇಂದು ‘ಜೆಟ್ ಸ್ಟ್ರೀಮ್’ ಎನ್ನುವ ಆ ಗಾಳಿಯನ್ನು ಜಪಾನಿನ ವಿಜ್ಞಾನಿ ವಾಸಬುರೊ ಓಇಶಿ 1920ರ ದಶಕದಲ್ಲೇ ಬಲೂನುಗಳಿಂದ ಗುರುತಿಸಿದ್ದರು. ಜಗತ್ತಿಗೆಲ್ಲ ತಿಳಿಯಲೆಂದು ಎಸ್ಪೆರಾಂಟೊ ಭಾಷೆಯಲ್ಲಿ ವರದಿ ಪ್ರಕಟಿಸಿದರು. ಆ ಭಾಷೆ ಬಲ್ಲವರು ವಿರಳ. ಹೊರನಾಡಿನಲ್ಲಿ ಅದನ್ನು ಗಮನಿಸಿದವರಿಲ್ಲ.

ಗುರಿ ಕಾಣದಿದ್ದರೆ

ಮೂರನೆಯದು ಗುರಿಯ ಮೇಲಿನ ಹವೆ. ಇಲ್ಲಿ ಮೋಡ ಒಬ್ಬರಿಗೆ ಶತ್ರು, ಇನ್ನೊಬ್ಬರಿಗೆ ರಕ್ಷೆ. 1943ರ ಜುಲೈನಲ್ಲಿ ಅಲ್ಯೂಷಿಯನ್ ದ್ವೀಪಗಳ ಕಿಸ್ಕಾದಿಂದ 5,000ಕ್ಕೂ ಹೆಚ್ಚು ಜಪಾನಿ ಸೈನಿಕರು ದಟ್ಟ ಮಂಜಿನ ಮರೆಯಲ್ಲಿ ಹಡಗೇರಿ ಪಾರಾದರು. ಕೆಲವು ವಾರಗಳ ಬಳಿಕ ಮಿತ್ರಪಡೆಗಳು ಬರಿದಾದ ದ್ವೀಪದ ಮೇಲೆ ಇಳಿದವು. 1945ರ ಆಗಸ್ಟ್ 9ರಂದು ಎರಡನೇ ಅಣುಬಾಂಬಿಗೆ ಮೊದಲು ಗೊತ್ತುಮಾಡಿದ್ದ ಊರು ಕೊಕುರಾ. ಮೋಡ ಮತ್ತು ಹೊಗೆಯಿಂದ ಅದು ಕಾಣದೆ ವಿಮಾನ ನಾಗಸಾಕಿಗೆ ತಿರುಗಿತು. ಒಂದು ಊರು ಉಳಿದು ಇನ್ನೊಂದು ಊರು ಬೂದಿಯಾಗಲು ಮೋಡದ ಮರೆಯೇ ಕಾರಣವಾಯಿತು.

ಕೋಲಾರದ ದಳಕ್ಕೆ ಈ ಸಮಸ್ಯೆ ಬೇರೆ ರೀತಿಯದು. ಬಾಂಬರ್ ದಳವಾಗಿ ಅದು ಮಾಡಿದ್ದು ಒಂದೇ ದಾಳಿ: 1945ರ ಜನವರಿ 13ರಂದು ಎಂಟು ವಿಮಾನಗಳು ಮಾಂಡಲೆಯ ಮೇಲೆ ಬಾಂಬು ಹಾಕಿದವು. ಆಮೇಲೆ ಅದಕ್ಕೆ ಗುಪ್ತ ಕೆಲಸ ವಹಿಸಲಾಯಿತು. ಶತ್ರುವಿನ ನೆಲದಲ್ಲಿ ಗೂಢಚಾರರನ್ನೂ ಸಾಮಗ್ರಿಯನ್ನೂ ಪ್ಯಾರಾಚೂಟ್ ಮೂಲಕ ಇಳಿಸಬೇಕು. ಇದಕ್ಕೆ ಬೆಳದಿಂಗಳು ಬೇಕು, ಕಣಿವೆಯೊಳಗೆ ತಗ್ಗಿ ಹಾರಬೇಕು, ಕಾಡಿನಲ್ಲಿ ಕಾದವರು ಹಚ್ಚಿದ ದೀಪ ಕಣ್ಣಿಗೆ ಬೀಳಬೇಕು. ಮೋಡ ಕವಿದರೆ ಮೂರೂ ಇಲ್ಲ. ಗಂಟೆಗಟ್ಟಲೆ ಹಾರಿಹೋದ ವಿಮಾನ ಸಾಮಗ್ರಿಯ ಸಮೇತ ಮರಳಬೇಕು. ಕೆಳಗಿದ್ದವರು ಔಷಧಿಯಿಲ್ಲದೆ, ಮದ್ದುಗುಂಡಿಲ್ಲದೆ ಮುಂದಿನ ಬೆಳದಿಂಗಳವರೆಗೆ ದಿನ ನೂಕಬೇಕು.

ಮರಳಿ ಬರುವ ಲೆಕ್ಕ

ನಾಲ್ಕನೆಯದು ಹಿಂದಿರುಗುವ ಪ್ರಯಾಣ. ಎದುರುಗಾಳಿಯಿದ್ದರೆ ಇಂಧನ ಮುಗಿಯುತ್ತದೆ. ದಣಿದ ಚಾಲಕ ಇಳಿಯುವ ವೇಳೆಗೆ ನೆಲೆಯ ಮೇಲೆ ಮಳೆ ಸುರಿಯುತ್ತಿರಬಹುದು. 1945ರ ಜನವರಿ 22ರಂದು 358ನೇ ದಳದ 11 ಲಿಬರೇಟರ್‌ಗಳು ಮೊದಲ ಗುಪ್ತ ಕಾರ್ಯಾಚರಣೆಗೆ ಹೊರಟವು. ಮೂರು ಹಿಂದಿರುಗಲಿಲ್ಲ, ಇನ್ನೊಂದು ಇಳಿಯುವಾಗ ಅಪಘಾತಕ್ಕೀಡಾಯಿತು. ಮುಂದೆಯೂ ಅನೇಕ ಬಾರಿ ಕೆಟ್ಟ ಹವೆಯಲ್ಲೇ ದಳ ಹಾರಿತು. ಯುದ್ಧ ಮುಗಿದಾಗ ಜಪಾನೀಯರ ಸೆರೆಶಿಬಿರಗಳಲ್ಲಿದ್ದವರಿಗೆ ಆಹಾರ ಇಳಿಸುವ ಕೆಲಸ ಮಾಡಿ, 1945ರ ನವೆಂಬರ್ 21ರಂದು ವಿಸರ್ಜನೆಗೊಂಡಿತು. ಅದರ ಆಯುಸ್ಸು ಒಂದು ವರ್ಷ, ಹದಿಮೂರು ದಿನ.

ಆಟದಲ್ಲಿ ಇವೆಲ್ಲ ಒಂದೆರಡು ಅಂಕಿಗಳಾಗಿ ತೆರೆಯ ಮೇಲೆ ಮೂಡುತ್ತವೆ: ಇಷ್ಟು ವಿಮಾನ ಏರಲಿಲ್ಲ, ಇಷ್ಟು ಮರಳಲಿಲ್ಲ. ಆ ಒಂದೊಂದು ಲಿಬರೇಟರಿನಲ್ಲೂ ಎಂಟೋ ಹತ್ತೋ ಮಂದಿ ಇರುತ್ತಿದ್ದರು. ಹೆಚ್ಚಿನವರಿಗೆ ಇಪ್ಪತ್ತರ ಪ್ರಾಯ. ಮುಂಗಾರಿನ ಮೋಡವನ್ನು ಜನ್ಮದಲ್ಲೇ ಕಾಣದ ದೇಶಗಳಿಂದ ಬಂದು, ಅದನ್ನು ದಾಟುವುದನ್ನು ಹಾರುತ್ತಲೇ ಕಲಿಯಬೇಕಾದವರು.

ಕೋಲಾರದ ಆಕಾಶಕ್ಕೂ ವಿಮಾನಕ್ಕೂ ಇಂದು ಇರುವ ನಂಟು ಬೇರೆ ಬಗೆಯದು. 2017ರಲ್ಲಿ ರಾಜ್ಯ ಸರ್ಕಾರ ‘ವರ್ಷಧಾರೆ’ ಹೆಸರಿನಲ್ಲಿ ಮೋಡ ಬಿತ್ತನೆ ನಡೆಸಿದಾಗ ಬೆಂಗಳೂರಿನ ಜಕ್ಕೂರಿನಿಂದ ವಿಮಾನಗಳು ಹಾರಿದವು. ರೇಡಾರ್ ಹೇಳಿದ ಕಡೆ, ತೇವ ತುಂಬಿದ ಮೋಡ ಹುಡುಕಿಕೊಂಡು ಹೋಗುವುದೇ ಆ ಚಾಲಕರ ಕೆಲಸ. 1944ರವರು ತಪ್ಪಿಸಿಕೊಂಡು ಓಡುತ್ತಿದ್ದ ಮೋಡವನ್ನು ಇವರು ಅರಸಬೇಕಾಯಿತು. ಮೋಡವಿಲ್ಲದ ದಿನ ಇವರ ವಿಮಾನವೂ ನೆಲದ ಮೇಲೆಯೇ.