ಸ್ಪಾಗೆ ಹೋಗುವ ಮುನ್ನ ಊರಿಂದ ತಂದ ಟ್ಯೂಬನ್ನೊಮ್ಮೆ ಓದಿ

ಅಮೆರಿಕದ ಸ್ಪಾ ಒಂದಕ್ಕೆ ಮೊದಲ ಸಲ ಕಾಲಿಡುವ ನಮ್ಮ ಹೆಣ್ಣುಮಕ್ಕಳನ್ನು ಬೆರಗಾಗಿಸುವುದು ಅಲ್ಲಿನ ಮಂದ ಬೆಳಕೂ ಅಲ್ಲ, ಸುಗಂಧವೂ ಅಲ್ಲ; ಕುರ್ಚಿಯಲ್ಲಿ ಕೂರುವ ಮೊದಲೇ ಕೈಗಿಡುವ ಒಂದು ಫಾರಂ. ಗರ್ಭಿಣಿಯೇ? ಮಧುಮೇಹವಿದೆಯೇ? ರಕ್ತ ತೆಳುವಾಗಿಸುವ ಮಾತ್ರೆ ಸೇವಿಸುತ್ತಿದ್ದೀರಾ? ತುಟಿಯಂಚಿನಲ್ಲಿ ಆಗಾಗ ನೀರುಗುಳ್ಳೆಗಳು ಏಳುತ್ತವೆಯೇ? ಕಳೆದ ಒಂದು ವರ್ಷದಲ್ಲಿ ಮೊಡವೆಗೆಂದು ಐಸೊಟ್ರೆಟಿನಾಯಿನ್ ಗುಳಿಗೆ ತೆಗೆದುಕೊಂಡಿದ್ದೀರಾ? ಮುಖಕ್ಕೆ ಹಚ್ಚುವ ಕ್ರೀಮುಗಳು ಯಾವುವು? ಕೊನೆಯಲ್ಲಿ ಸಹಿ. ಮಲ್ಲೇಶ್ವರದಲ್ಲೋ ದಾವಣಗೆರೆಯಲ್ಲೋ ಪರಿಚಯದ ಪಾರ್ಲರಿಗೆ ಹೋಗಿ, ‘ಬಾಮ್ಮ, ಕೂತ್ಕೊ’ ಎಂಬ ಮಾತಿನೊಂದಿಗೆ ಹುಬ್ಬು ತಿದ್ದಿಸಿಕೊಂಡು ಬರುವುದು ರೂಢಿಯಾದವರಿಗೆ ಇದು ಅನಗತ್ಯ ಕಾಗದಪತ್ರವೆನಿಸುತ್ತದೆ. ಎಷ್ಟೋ ಜನ ಮೇಲಿನಿಂದ ಕೆಳಗಿನವರೆಗೆ ‘ಇಲ್ಲ’ ಎಂದು ಗುರುತು ಹಾಕಿ ಸಹಿ ಮಾಡಿಬಿಡುತ್ತಾರೆ.

ನಾನು ಚರ್ಮರೋಗ ತಜ್ಞೆಯಲ್ಲ. ನ್ಯೂಜೆರ್ಸಿಯಲ್ಲಿ ಸಾಮಾನ್ಯ ಕಾಯಿಲೆಗಳನ್ನು ನೋಡುವ ವೈದ್ಯೆ. ಆದರೆ ಭಾರತೀಯರು ಹೆಚ್ಚಾಗಿ ನೆಲೆಸಿರುವ ಊರಿನಲ್ಲಿ ಕ್ಲಿನಿಕ್ ಇರುವುದರಿಂದ, ಆ ‘ಇಲ್ಲ’ಗಳ ಫಲ ಕೆಲವೊಮ್ಮೆ ಮರುದಿನ ಬೆಳಿಗ್ಗೆ ನನ್ನೆದುರು ಬಂದು ಕೂರುತ್ತದೆ. ವ್ಯಾಕ್ಸಿಂಗ್ ಬೇಡ, ಫೇಶಿಯಲ್ ಬೇಡ ಎಂದು ಉಪದೇಶಿಸುವ ಆಸೆ ನನಗಿಲ್ಲ. ಎಣ್ಣೆ ಹಚ್ಚಿ, ಕಡಲೆಹಿಟ್ಟು ತಿಕ್ಕಿ ಮೈಯ ರೋಮ ಉದುರಿಸುತ್ತಿದ್ದ ಅಜ್ಜಿಯಂದಿರ ಮೊಮ್ಮಕ್ಕಳು ನಾವು. ಅಂದವಾಗಿ ಕಾಣಬೇಕೆನ್ನುವುದು ಅಮೆರಿಕಕ್ಕೆ ಬಂದ ಮೇಲೆ ಕಲಿತದ್ದೇನಲ್ಲ.

ಒಬ್ಬ ಯುವತಿಯ ವಿಷಯ ಹೇಳುತ್ತೇನೆ. ತಮ್ಮನ ಮದುವೆಗೆ ಊರಿಗೆ ಹೊರಡಲು ನಾಲ್ಕು ದಿನವಿತ್ತು. ಮೇಲ್ದುಟಿಯ ವ್ಯಾಕ್ಸಿಂಗ್ ಮಾಡಿಸಿದಾಗ ಮೇಣದ ಪಟ್ಟಿಯೊಡನೆ ಕೂದಲಷ್ಟೇ ಅಲ್ಲ, ಚರ್ಮದ ಹೊರಪದರವೂ ಕಿತ್ತುಬಂದಿತ್ತು. ಮೂಗಿನ ಕೆಳಗೆ ಎರಡು ಕಡೆ ಕೆಂಪಗೆ, ತೇವವಾಗಿ, ಸುಟ್ಟ ಗಾಯದಂತೆ ಕಾಣುತ್ತಿತ್ತು. ಮೇಣ ಅತಿಯಾಗಿ ಬಿಸಿಯಿತ್ತೆಂದು ಆಕೆಯ ದೂರು. ನಿತ್ಯ ಯಾವ ಔಷಧಿ ಬಳಸುತ್ತೀ ಎಂದು ಕೇಳಿದರೆ ‘ಏನೂ ಇಲ್ಲ ಡಾಕ್ಟ್ರೇ’ ಎಂದಳು. ರಾತ್ರಿ ಮುಖಕ್ಕೆ ಏನು ಹಚ್ಚುತ್ತೀ ಎಂದು ಪ್ರಶ್ನೆ ಬದಲಿಸಿದೆ. ‘ಅದು ಔಷಧಿ ಅಲ್ಲ, ಕಲೆ ಹೋಗೋ ಕ್ರೀಮು. ಅಮ್ಮ ಊರಿಂದ ಕಳಿಸ್ತಾರೆ, ಎಂಟು ತಿಂಗಳಿಂದ ಹಚ್ತಿದೀನಿ’ ಎಂಬ ಉತ್ತರ ಬಂತು. ಕೈಚೀಲದಿಂದ ಹೊರಬಂದ ಟ್ಯೂಬಿನ ಮೇಲೆ ಸಣ್ಣ ಅಕ್ಷರಗಳಲ್ಲಿ ಮೂರು ಹೆಸರುಗಳಿದ್ದವು: ಹೈಡ್ರೋಕ್ವಿನೋನ್, ಟ್ರೆಟಿನಾಯಿನ್, ಮೊಮೆಟಾಸೋನ್.

ಮೂರೂ ಔಷಧಿಗಳೇ. ಹೈಡ್ರೋಕ್ವಿನೋನ್ ಚರ್ಮದಲ್ಲಿ ಬಣ್ಣ ತಯಾರಾಗುವುದನ್ನು ತಡೆಯುತ್ತದೆ. ಟ್ರೆಟಿನಾಯಿನ್ ‘ಎ’ ಜೀವಸತ್ವದ ಕುಟುಂಬದ್ದು. ಹೊರಪದರದ ಸತ್ತ ಕೋಶಗಳ ಹಿಡಿತವನ್ನು ಸಡಿಲಿಸುತ್ತದೆ. ಮೊಮೆಟಾಸೋನ್ ಸ್ಟೀರಾಯ್ಡ್, ತಿಂಗಳುಗಟ್ಟಲೆ ಮುಖಕ್ಕೆ ಹಚ್ಚಿದರೆ ಚರ್ಮ ತೆಳುವಾಗುತ್ತದೆ, ಸಣ್ಣ ರಕ್ತನಾಳಗಳು ಹೊರಗೆ ಕಾಣತೊಡಗುತ್ತವೆ, ಮೊಡವೆಗಳೇಳುತ್ತವೆ, ಮುಖದ ಮೇಲೆ ಕೂದಲು ಹೆಚ್ಚುವುದೂ ಉಂಟು. ಕೂದಲು ಹೆಚ್ಚಿತೆಂದು ವ್ಯಾಕ್ಸಿಂಗ್‌ಗೆ ಹೋಗುವುದು, ತೆಳುವಾದ ಚರ್ಮ ಕಿತ್ತುಬರುವುದು, ಉಳಿದ ಕಪ್ಪು ಕಲೆಗೆ ಮತ್ತೆ ಅದೇ ಕ್ರೀಮು ಹಚ್ಚುವುದು. ಈ ಸುಳಿಯಲ್ಲಿ ಸಿಕ್ಕವರನ್ನು ನಾನು ನೋಡಿದ್ದೇನೆ. ಈ ಮಿಶ್ರಣ ಕೆಟ್ಟದ್ದೆಂದು ಹೇಳುತ್ತಿಲ್ಲ. ಮುಖದ ಭಂಗಿಗೆ ಚರ್ಮತಜ್ಞರು ಕೆಲವು ವಾರಗಳ ಮಟ್ಟಿಗೆ ಇಂಥದ್ದನ್ನು ಬರೆದುಕೊಡುತ್ತಾರೆ. ತೊಂದರೆಯಿರುವುದು ಅದನ್ನು ದಿನನಿತ್ಯದ ಸ್ನೋ, ಪೌಡರಿನಂತೆ ಬಳಸುವುದರಲ್ಲಿ.

ಭಾರತ ಸರ್ಕಾರ 2018ರಲ್ಲಿ ಹಲವು ಸ್ಟೀರಾಯ್ಡ್ ಕ್ರೀಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ನಿಯಮ ಮಾಡಿತು. ಆದರೂ ಔಷಧಿ ಅಂಗಡಿಯಲ್ಲಿ ಹೆಸರು ಹೇಳಿದರೆ ಟ್ಯೂಬು ಕೈಗೆ ಬರುವುದು ಓದುಗರಿಗೆ ತಿಳಿಯದ ಸಂಗತಿಯಲ್ಲ. ಅಮೆರಿಕದಲ್ಲಿ ಟ್ರೆಟಿನಾಯಿನ್‌ಗೆ ಚೀಟಿ ಬೇಕು. 2020ರ ಕಾಯ್ದೆಯೊಂದರ ನಂತರ ಹೈಡ್ರೋಕ್ವಿನೋನ್‌ಗೂ ಬೇಕು. ಹೀಗಾಗಿ ಇಲ್ಲಿನ ಸ್ಪಾ ಕೆಲಸದವರು ಇಂಥ ಕ್ರೀಮು ಹಚ್ಚುವವರು ವೈದ್ಯರನ್ನು ಕಂಡಿರುತ್ತಾರೆ, ಹೆಸರು ತಿಳಿದಿರುತ್ತಾರೆ, ಕೇಳಿದರೆ ಹೇಳುತ್ತಾರೆ ಎಂದೇ ಭಾವಿಸುತ್ತಾರೆ. ಉಪ್ಪಿನಕಾಯಿ, ಚಟ್ನಿಪುಡಿಯ ಜೊತೆ ಸೂಟ್‌ಕೇಸಿನಲ್ಲಿ ಬಂದ ಟ್ಯೂಬಿನ ಕಲ್ಪನೆ ಅವರಿಗಿರುವುದಿಲ್ಲ.

ಊರಿನದ್ದಷ್ಟೇ ಅಲ್ಲ, ಇಲ್ಲಿನ ಅಂಗಡಿಯ ಸರಕೂ ಲೆಕ್ಕಕ್ಕೆ ಬರುತ್ತದೆ. ಮೊಡವೆಗೆ ಹಚ್ಚುವ ಅಡಾಪಲೀನ್ 2016ರಿಂದ ಇಲ್ಲಿ ಚೀಟಿಯಿಲ್ಲದೆ ಸಿಗುತ್ತದೆ. ಸುಕ್ಕು ಹೋಗಲೆಂದು ಹಚ್ಚುವ ರೆಟಿನಾಲ್ ಸೀರಮ್, ಗ್ಲೈಕಾಲಿಕ್ ಆಮ್ಲದ ಫೇಸ್‌ವಾಶ್ ಎಲ್ಲವೂ ಹೊರಪದರವನ್ನು ಸಡಿಲಗೊಳಿಸುವಂಥವೇ. ಮುಖದ ವ್ಯಾಕ್ಸಿಂಗ್‌ಗೆ ಒಂದು ವಾರ ಮೊದಲೇ ಇವನ್ನು ನಿಲ್ಲಿಸುವುದು ಕ್ಷೇಮ. ಐಸೊಟ್ರೆಟಿನಾಯಿನ್ ಗುಳಿಗೆಯಾದರೆ ಅದನ್ನು ಸೇವಿಸುವಾಗಲೂ, ನಿಲ್ಲಿಸಿದ ಮೇಲೆ ಕನಿಷ್ಠ ಆರು ತಿಂಗಳೂ ವ್ಯಾಕ್ಸಿಂಗ್ ಸಲ್ಲದು. ಸ್ಟೀರಾಯ್ಡ್ ಇರುವ ಕ್ರೀಮಿನ ಮಾತು ಬೇರೆ. ಬಹುಕಾಲ ಹಚ್ಚಿ ಒಮ್ಮೆಲೇ ನಿಲ್ಲಿಸಿದರೆ ಮುಖ ಕೆಂಪೇರಿ, ಉರಿಯೆದ್ದು, ಮೊದಲಿಗಿಂತ ಕೆಡುವುದುಂಟು. ಸ್ಪಾ ದಿನ ಹತ್ತಿರ ಬಂತೆಂದು ಅದನ್ನು ಬಿಸಾಡದೆ, ಬಿಡಿಸುವ ಬಗೆಯನ್ನು ವೈದ್ಯರಲ್ಲಿ ಕೇಳಬೇಕು. ಅಲ್ಲಿಯವರೆಗೆ ಮುಖಕ್ಕೆ ಮೇಣ ತಾಗಿಸಬಾರದು.

ನಮ್ಮ ಮೈಬಣ್ಣದವರಿಗೆ ಇದು ಇನ್ನಷ್ಟು ಮುಖ್ಯವಾಗಲು ಕಾರಣವಿದೆ. ಹಾರ್ವರ್ಡ್‌ನ ಚರ್ಮತಜ್ಞ ಥಾಮಸ್ ಫಿಟ್ಜ್‌ಪ್ಯಾಟ್ರಿಕ್ 1975ರಲ್ಲಿ ಬಿಸಿಲಿಗೆ ಚರ್ಮ ಪ್ರತಿಕ್ರಿಯಿಸುವ ರೀತಿಯ ಆಧಾರದ ಮೇಲೆ ಒಂದು ವರ್ಗೀಕರಣ ಮಾಡಿದರು. ಕಂದು, ಕಪ್ಪು ಚರ್ಮಗಳನ್ನು ಪ್ರತ್ಯೇಕವಾಗಿ ಸೇರಿಸಿ ಅದು ಆರು ವರ್ಗಗಳಾದದ್ದು ಆಮೇಲೆ. ನಮ್ಮಲ್ಲಿ ಬಹುಪಾಲು ಜನ ನಾಲ್ಕು, ಐದನೆಯ ವರ್ಗದವರು. ಬಿಳಿಯರಲ್ಲಿ ಕೆಂಪಾಗಿ ವಾರದಲ್ಲಿ ಮಾಯುವ ತರಚು ನಮ್ಮಲ್ಲಿ ಕಪ್ಪು ಕಲೆಯಾಗಿ ತಿಂಗಳುಗಟ್ಟಲೆ ಉಳಿಯುತ್ತದೆ. ಆದ್ದರಿಂದ ಪೀಲ್, ಲೇಸರ್ ಎಂಬ ಮಾತು ಬಂದರೆ ‘ನನ್ನಂಥ ಮೈಬಣ್ಣದವರಿಗೆ ಇದನ್ನು ಮಾಡಿ ಅನುಭವವಿದೆಯೇ?’ ಎಂದು ಕೇಳಲು ಸಂಕೋಚ ಬೇಡ. ಇಲ್ಲಿ ಅದನ್ನು ಅಧಿಕಪ್ರಸಂಗವೆಂದು ಯಾರೂ ತಿಳಿಯುವುದಿಲ್ಲ.

ಸಿದ್ಧತೆಯ ಉಳಿದ ಸಂಗತಿಗಳು ಸರಳ. ಕೂದಲು ಅಕ್ಕಿಕಾಳಿನಷ್ಟು, ಅಂದರೆ ಸುಮಾರು ಆರು ಮಿಲಿಮೀಟರ್ ಬೆಳೆದಿರಬೇಕು. ರೇಜರ್ ಬಳಸುವವರು ಎರಡು ಮೂರು ವಾರ ಅದನ್ನು ದೂರವಿಡಬೇಕು. ಬಿಸಿಲಿಗೆ ಕಂದಿದ ಚರ್ಮಕ್ಕೆ, ಒಡೆದ ಮೊಡವೆಗೆ ಮೇಣ ತಾಗಿಸಬಾರದು. ಹೊಸ ಫೇಶಿಯಲ್ ಆದರೆ ಕಿವಿಯ ಹಿಂದೆಯೋ ಮೊಳಕೈ ಒಳಬದಿಗೋ ಸ್ವಲ್ಪ ಹಚ್ಚಿ ಒಂದೆರಡು ದಿನ ಕಾದು ನೋಡಬೇಕು. ಮದುವೆ, ಗೃಹಪ್ರವೇಶಗಳ ಹಿಂದಿನ ದಿನ ಎಂದೂ ಮಾಡಿಸದ ಫೇಶಿಯಲ್ ಮಾಡಿಸುವುದು ಜಾಣತನವಲ್ಲ; ಎರಡು ವಾರ ಮೊದಲಾದರೆ ಕೆಟ್ಟರೂ ಸರಿಪಡಿಸಲು ಸಮಯವಿರುತ್ತದೆ. ಮೇಣ ಹಚ್ಚುವವರ ಕೈಯನ್ನೂ ಗಮನಿಸಿ. ಒಮ್ಮೆ ಮೈಗೆ ತಾಗಿದ ಕಡ್ಡಿಯನ್ನು ಮತ್ತೆ ಪಾತ್ರೆಗೆ ಅದ್ದಿದರೆ, ಹಿಂದೆ ಬಂದುಹೋದವರ ಸೋಂಕು ನಿಮಗೂ ಬರಬಹುದು. ಅಂಥ ಕಡೆಯಿಂದ ಎದ್ದು ಬರುವುದೇ ಲೇಸು.

ಇಲ್ಲಿ ಮೇ ತಿಂಗಳ ಎರಡನೆಯ ಭಾನುವಾರ ತಾಯಂದಿರ ದಿನ. ಬೇಸಿಗೆಗೆಂದು ಊರಿನಿಂದ ಬಂದ ಅಮ್ಮನನ್ನೋ ಅತ್ತೆಯನ್ನೋ ಸ್ಪಾಗೆ ಕರೆದೊಯ್ಯುವುದು ಈಗ ನಮ್ಮವರಲ್ಲೂ ರೂಢಿಯಾಗಿದೆ. ಪ್ರೀತಿಯ ಕೆಲಸವೇ. ಆದರೆ ಆ ಅಮ್ಮನಿಗೆ ಹದಿನೈದು ವರ್ಷದ ಸಕ್ಕರೆ ಕಾಯಿಲೆ ಇರಬಹುದು. ಪಾದಗಳಿಗೆ ಬಿಸಿ ತಿಳಿಯದಿರಬಹುದು. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡು ಕ್ಲೊಪಿಡೊಗ್ರೆಲ್ ಸೇವಿಸುತ್ತಿರಬಹುದು. ಫಾರಂ ತುಂಬುವವರು ಮಗಳು ಅಥವಾ ಸೊಸೆ. ಅಮ್ಮನೋ ‘ಅದೆಲ್ಲಾ ಯಾಕೆ ಬರೀಬೇಕು, ಸುಮ್ನಿರು’ ಎನ್ನುತ್ತಾರೆ. ಬರೆಯಿರಿ. ಸಾದಾ ಫೇಶಿಯಲ್, ಹದವಾದ ಭುಜದ ಮಾಲಿಶು ಸಾಮಾನ್ಯವಾಗಿ ತೊಂದರೆ ಕೊಡುವುದಿಲ್ಲ; ಕಾಲಿನ ವ್ಯಾಕ್ಸಿಂಗ್, ಹಿಮ್ಮಡಿ ಕೆರೆಯುವ ಪೆಡಿಕ್ಯೂರ್ ಬೇಡ. ಸಂದರ್ಶಕರ ವಿಮೆಯಲ್ಲಿ ಮೊದಲೇ ಇದ್ದ ಕಾಯಿಲೆಗಳನ್ನು ಹೆಚ್ಚಾಗಿ ಕೈಬಿಟ್ಟಿರುತ್ತಾರೆ. ಮಧುಮೇಹದ ಪಾದದಲ್ಲಿ ಕೀವು ತುಂಬಿ ಆಸ್ಪತ್ರೆ ಸೇರಿದರೆ ಬರುವ ಬಿಲ್ಲು ವಿಮಾನದ ಟಿಕೆಟ್ಟನ್ನು ನಾಚಿಸುತ್ತದೆ.

ತುಟಿಯಂಚಿನ ನೀರುಗುಳ್ಳೆಯ ಪ್ರಶ್ನೆಯೂ ಸುಮ್ಮನೆ ಕೇಳಿದ್ದಲ್ಲ. ಅದು ಹರ್ಪಿಸ್ ವೈರಾಣುವಿನದು. ಮುಖಕ್ಕೆ ಪೀಲ್ ಮಾಡಿದಾಗ ಎಚ್ಚತ್ತು ಹರಡಬಲ್ಲದು. ಮೊದಲೇ ತಿಳಿಸಿದರೆ ವೈದ್ಯರು ತಡೆಮಾತ್ರೆ ಬರೆದುಕೊಡಬಹುದು.

ಗಲ್ಲ, ದವಡೆಗಳ ಮೇಲೆ ದಪ್ಪ ಕೂದಲು ಬೆಳೆದು ಎರಡು ವಾರಕ್ಕೊಮ್ಮೆ ವ್ಯಾಕ್ಸಿಂಗ್ ಮಾಡಿಸುವ ಹುಡುಗಿಯರಿಗೆ ನನ್ನ ಮೊದಲ ಪ್ರಶ್ನೆ ಮುಟ್ಟಿನ ಬಗ್ಗೆ. ತಿಂಗಳುಗಳು ತಪ್ಪುತ್ತಿದ್ದರೆ ಪಿಸಿಒಎಸ್ ಇರಬಹುದು. ಅದಕ್ಕೆ ರಕ್ತಪರೀಕ್ಷೆಯಿದೆ, ಚಿಕಿತ್ಸೆಯಿದೆ. ಕೆಲವೇ ತಿಂಗಳಲ್ಲಿ ಹಠಾತ್ತನೆ ಕೂದಲು ಹೆಚ್ಚಿ ಧ್ವನಿಯೂ ಗಡುಸಾದರೆ ತಡಮಾಡದೆ ವೈದ್ಯರನ್ನು ಕಾಣಬೇಕು.

ಇಲ್ಲಿಗೆ ಬರಲು ಸಿದ್ಧರಾಗುತ್ತಿರುವ, ಊರಿನಲ್ಲಿ ಬ್ಯೂಟಿಷಿಯನ್ ಕೋರ್ಸ್ ಮಾಡಿದವರಿಗೆ ಒಂದು ಮಾತು. ಈ ವೃತ್ತಿಗೆ ರಾಜ್ಯ ಸರ್ಕಾರದ ಲೈಸೆನ್ಸ್ ಬೇಕು. ಚರ್ಮದ ಆರೈಕೆಯ ಲೈಸೆನ್ಸಿಗೆ ಕ್ಯಾಲಿಫೋರ್ನಿಯಾದಲ್ಲಿ 600 ಗಂಟೆ, ಟೆಕ್ಸಾಸ್‌ನಲ್ಲಿ 750 ಗಂಟೆಗಳ ತರಬೇತಿ ಬೇಕಾಗುತ್ತದೆ. ಗಂಡನ ವೀಸಾದ ಮೇಲೆ ಬಂದವರು ಕೆಲಸದ ಪರವಾನಗಿಯಿಲ್ಲದೆ ಮನೆಯ ಬೇಸ್‌ಮೆಂಟಿನಲ್ಲಿ ಗೆಳತಿಯರಿಗೆ ಹಣ ಪಡೆದು ವ್ಯಾಕ್ಸಿಂಗ್ ಮಾಡುವುದು ವಲಸೆ ಕಾನೂನಿಗೂ ವಿರುದ್ಧ. ಮಾಡಿಸಿಕೊಳ್ಳುವವರಿಗೆ ಅಗ್ಗವೆನಿಸುವುದು ಸಹಜ. ಆದರೆ ಅಲ್ಲಿ ಫಾರಂ ಇಲ್ಲ, ಕೇಳುವವರೂ ಇಲ್ಲ.

ಇಷ್ಟಾಗಿಯೂ ಚರ್ಮ ಕಿತ್ತುಬಂದರೆ ತಣ್ಣೀರಿನಲ್ಲಿ ಮೃದುವಾಗಿ ತೊಳೆದು, ಸುಗಂಧವಿಲ್ಲದ ಪೆಟ್ರೋಲಿಯಂ ಜೆಲ್ಲಿಯನ್ನು ತೆಳ್ಳಗೆ ಸವರಿ. ಅರಿಶಿನ, ನಿಂಬೆರಸ, ಟೂತ್‌ಪೇಸ್ಟ್ ಬೇಡ. ಹೆಪ್ಪನ್ನು ಉಗುರಿನಿಂದ ಕೀಳಬೇಡಿ. ಗಾಯ ಒಣಗಿದ ಮೇಲೆ ಕೆಲವು ತಿಂಗಳು ಎಸ್‌ಪಿಎಫ್ 30ಕ್ಕೆ ಕಡಿಮೆಯಿಲ್ಲದ ಸನ್‌ಸ್ಕ್ರೀನ್ ಹಚ್ಚಿಕೊಂಡೇ ಹೊರಗೆ ಹೋಗಿ. ಕೀವು, ಜ್ವರ, ಹರಡುವ ಕೆಂಪು ಕಂಡರೆ ಅದೇ ದಿನ ವೈದ್ಯರ ಬಳಿ ಬನ್ನಿ. ಬರುವಾಗ ಮುಖಕ್ಕೆ ಹಚ್ಚುವ ಟ್ಯೂಬುಗಳನ್ನೆಲ್ಲ ಒಂದು ಚೀಲದಲ್ಲಿ ಹಾಕಿಕೊಂಡು ಬನ್ನಿ, ಊರಿಂದ ಬಂದವನ್ನು ಮೊದಲು.