ಸಸ್ಪೆನ್ಷನ್ ಬೋಲ್ಟುಗಳ ಟಾರ್ಕ್ ಮತ್ತು ಮರುಬಳಕೆ: ಗ್ಯಾರೇಜು ಮಾಲೀಕರ ಗಮನಕ್ಕೆ

ಬೆಂಗಳೂರು–ಚೆನ್ನೈ ಎಕ್ಸ್‌ಪ್ರೆಸ್ ಹೆದ್ದಾರಿಯ ಹೊಸಕೋಟೆ–ಬೇತಮಂಗಲ ಭಾಗವು 2024ರ ಕೊನೆಯಲ್ಲಿ ಸಂಚಾರಕ್ಕೆ ತೆರೆದ ಬಳಿಕ, ವೇಗದ ಕಾರುಗಳು ಬಂಗಾರಪೇಟೆ ಮತ್ತು ಕೆ.ಜಿ.ಎಫ್. ಕಡೆಗೆ ಬರುವುದು ಸುಲಭವಾಗಿದೆ. ಅಂತಹ ಸ್ಪೋರ್ಟ್ಸ್ ಕಾರೊಂದರ ಸಸ್ಪೆನ್ಷನ್ ಬಿಚ್ಚಿದಾಗ, ಕಳಚಿದ ಬೋಲ್ಟನ್ನೇ ಮತ್ತೆ ಬಿಗಿಯಬಹುದೇ ಎಂಬ ಪ್ರಶ್ನೆ ಏಳುತ್ತದೆ. ಬಿಲ್ಲಿನಲ್ಲಿ ಇದು ಅತ್ಯಂತ ಸಣ್ಣ ಮೊತ್ತ, ಹೊಣೆಗಾರಿಕೆಯಲ್ಲಿ ಹಾಗಲ್ಲ.

ಬೋಲ್ಟನ್ನು ತಿರುಗಿಸುವ ಬಲಕ್ಕೆ ಟಾರ್ಕ್ ಎನ್ನುತ್ತಾರೆ. ಆದರೆ ನಮಗೆ ಬೇಕಾದುದು ಟಾರ್ಕ್ ಅಲ್ಲ, ಬೋಲ್ಟು ತುಸು ಹಿಗ್ಗಿ ಎರಡು ಭಾಗಗಳನ್ನು ಒತ್ತಿ ಹಿಡಿಯುವ ಶಕ್ತಿ. ನಾವು ಹಾಕುವ ಬಲದಲ್ಲಿ ಸುಮಾರು ಶೇ. 10ರಷ್ಟು ಮಾತ್ರ ಈ ಹಿಡಿತಕ್ಕೆ ಸಲ್ಲುತ್ತದೆ. ಉಳಿದುದೆಲ್ಲ ತಲೆಯ ಕೆಳಗಿನ ಮತ್ತು ಮರೆಯ ಘರ್ಷಣೆಗೆ ವ್ಯಯವಾಗುತ್ತದೆ. ಆದುದರಿಂದ ಒಣ ಬೋಲ್ಟಿಗೆಂದು ಕೈಪಿಡಿ ಕೊಟ್ಟ ಅಳತೆಯನ್ನು ಎಣ್ಣೆ ಹಚ್ಚಿದ ಬೋಲ್ಟಿಗೆ ಅನ್ವಯಿಸಿದರೆ, ಪಾನೆಯ ಅಂಕಿ ಸರಿಯಿದ್ದರೂ ಬೋಲ್ಟು ಮಿತಿಮೀರಿ ಹಿಗ್ಗುತ್ತದೆ. ತುಕ್ಕು ಹಿಡಿದ ಮರೆಯಾದರೆ ತದ್ವಿರುದ್ಧ: ಅಂಕಿ ಬಂದಿರುತ್ತದೆ, ಹಿಡಿತ ಬಂದಿರುವುದಿಲ್ಲ.

ಬೋಲ್ಟಿನ ತಲೆಯ ಮೇಲಿನ 10.9 ಎಂಬ ಗುರುತು ಅದರ ಬಲವನ್ನು ಹೇಳುತ್ತದೆ: ಚದರ ಮಿಲಿಮೀಟರಿಗೆ 1000 ನ್ಯೂಟನ್ ಕರ್ಷಣ ಬಲ, ಅದರ ಶೇ. 90ರವರೆಗೆ ಹಿಗ್ಗಿದರೂ ಮೊದಲಿನ ಸ್ಥಿತಿಗೆ ಮರಳುವ ಗುಣ. ಆ ಮಿತಿಯೊಳಗೆ ಬಿಗಿದ, ಮರೆ ಕೆಡದ ಬೋಲ್ಟನ್ನು ಕೈಪಿಡಿ ಒಪ್ಪಿದರೆ ಮತ್ತೆ ಬಳಸಬಹುದು. ಆದರೆ ನಿಗದಿತ ಟಾರ್ಕ್ ಬಳಿಕ ಇಂತಿಷ್ಟು ಡಿಗ್ರಿ ತಿರುಗಿಸಿರೆಂದು ಕೈಪಿಡಿ ಹೇಳಿದಲ್ಲಿ, ಅನೇಕ ವೇಳೆ ಬೋಲ್ಟನ್ನು ಉದ್ದೇಶಪೂರ್ವಕವಾಗಿಯೇ ಆ ಮಿತಿಗೆ ಮುಟ್ಟಿಸಿರುತ್ತಾರೆ. ಅದು ಶಾಶ್ವತವಾಗಿ ಹಿಗ್ಗಿರುತ್ತದೆ, ಮರುಬಳಕೆ ಸಲ್ಲದು. ನೈಲಾನ್ ಉಂಗುರದ ನಟ್ಟು ಸಹ ಒಮ್ಮೆ ಬಿಚ್ಚಿದ ಮೇಲೆ ಹಿಡಿತ ಕಳೆದುಕೊಳ್ಳುತ್ತದೆ. ಸ್ಪೋರ್ಟ್ಸ್ ಕಾರುಗಳಲ್ಲಿ ಅಲ್ಯೂಮಿನಿಯಂ ತೋಳುಗಳು ಸಾಮಾನ್ಯವಾದುದರಿಂದ, ಹೆಚ್ಚು ಬಿಗಿದರೆ ಬೋಲ್ಟಿಗಿಂತ ಮೊದಲು ತೋಳಿನ ಮರೆಯೇ ಕಿತ್ತುಬರಬಹುದು. ಆಗಿನ ಖರ್ಚನ್ನು ವಿವರಿಸಬೇಕಿಲ್ಲ.

ರಬ್ಬರ್ ಬುಷ್ ಇರುವ ತೋಳಿನ ಬೋಲ್ಟನ್ನು ಕಾರು ಜ್ಯಾಕ್ ಮೇಲೆ ತೂಗುತ್ತಿರುವಾಗ ಪೂರ್ತಿ ಬಿಗಿಯಕೂಡದು. ಭಾರ ಚಕ್ರಗಳ ಮೇಲೆ ಬಂದ ಬಳಿಕವೇ ಅಂತಿಮ ಬಿಗಿತ. ಇಲ್ಲವಾದರೆ ಬುಷ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಅಳತೆಯ ಮಾನಗಳೂ ಮೋಸಗೊಳಿಸುತ್ತವೆ. ಒಂದು ಕಿಲೋಗ್ರಾಂ-ಮೀಟರ್ ಎಂದರೆ 9.81 ನ್ಯೂಟನ್-ಮೀಟರ್, 100 ಅಡಿ-ಪೌಂಡು ಎಂದರೆ ಸುಮಾರು 136 ನ್ಯೂಟನ್-ಮೀಟರ್. ಟಾರ್ಕ್ ರೆಂಚನ್ನು 12 ತಿಂಗಳಿಗೊಮ್ಮೆ ಅಥವಾ 5000 ಬಾರಿ ಬಳಸಿದ ಮೇಲೆ, ಯಾವುದು ಮೊದಲೋ ಆಗ, ಪರೀಕ್ಷೆಗೆ ಕಳುಹಿಸುವುದು ರೂಢಿ.

1964ರಲ್ಲಿ ಸ್ಥಾಪಿತವಾದ ಬೆಮೆಲ್ ಸಂಸ್ಥೆಯ ಕಾರ್ಖಾನೆ ಇರುವ ಊರು ನಮ್ಮದು. ಚಿನ್ನದ ಗಣಿ 2001ರಲ್ಲಿ ಮುಚ್ಚಿದರೂ ಯಂತ್ರಜ್ಞಾನ ಇಲ್ಲಿ ಅಪರೂಪವಲ್ಲ. ಆದರೂ ಕೈಯ ಅಂದಾಜಿನ ಮೇಲಿನ ಅಭಿಮಾನ ಇನ್ನೂ ಉಳಿದಿದೆ. ಲೆಕ್ಕಪರಿಶೋಧಕನಾದ ನನಗೆ ಅದು ರಸೀದಿಯಿಲ್ಲದ ಖರ್ಚಿನಂತೆ ಕಾಣುತ್ತದೆ.

ಇನ್ನು ಕಾನೂನಿನ ಮಾತು. ಗ್ರಾಹಕ ಸಂರಕ್ಷಣಾ ಅಧಿನಿಯಮ, 2019ರ 85ನೇ ಪ್ರಕರಣದಡಿ, ದೋಷಪೂರಿತ ಸೇವೆಯಿಂದಾದ ಹಾನಿಗೆ ಸೇವೆ ನೀಡಿದವರೇ ಹೊಣೆಯಾಗಬಹುದು. ಬದಲಿಸಿದ ಬೋಲ್ಟುಗಳ ಸಂಖ್ಯೆ, ಹಾಕಿದ ಟಾರ್ಕ್ ಮತ್ತು ಬಿಗಿದವರ ಸಹಿ ಜಾಬ್ ಕಾರ್ಡಿನಲ್ಲಿರಲಿ. ಗ್ರಾಹಕರು ಹೊಸ ಬೋಲ್ಟು ಬೇಡವೆಂದರೆ ಕೆಲಸವನ್ನೇ ನಿರಾಕರಿಸುವುದು ಲೇಸು, ಸಹಿ ಪಡೆದ ಮಾತ್ರಕ್ಕೆ ಹೊಣೆ ತಪ್ಪದು. ಬಿಲ್ಲಿನಲ್ಲಿ ಬೋಲ್ಟುಗಳನ್ನು 'ಇತರೆ' ಎಂದು ಸೇರಿಸದೆ ಪ್ರತ್ಯೇಕವಾಗಿ ತೋರಿಸಬೇಕು. ಸಾಮಾನ್ಯ ಪದ್ಧತಿಯಲ್ಲಿ ನೋಂದಾಯಿತರಾದ ಗ್ಯಾರೇಜಿನವರಿಗೆ ಅವುಗಳ ಮೇಲೆ ಪಾವತಿಸಿದ ಜಿ.ಎಸ್.ಟಿ.ಗೆ ಕ್ರೆಡಿಟ್ ದೊರೆಯುತ್ತದೆ. ಆದರೆ ಸ್ಪೋರ್ಟ್ಸ್ ಕಾರನ್ನು ಸಂಸ್ಥೆಯ ಹೆಸರಿನಲ್ಲಿ ಕೊಂಡ ಸದಸ್ಯರು, ಅದರ ದುರಸ್ತಿ ಸೇವೆಯ ತೆರಿಗೆಗೆ 17(5)ನೇ ಪ್ರಕರಣವು ಸಾಮಾನ್ಯವಾಗಿ ಕ್ರೆಡಿಟ್ ನಿರ್ಬಂಧಿಸಿದೆ ಎಂಬುದನ್ನು ನೆನಪಿಡಬೇಕು.