ಹಾಲಿಗೆ ಹೆದರಿದ ಬೆಕ್ಕು, ಮರಳಿಗೆ ಹೆದರಿದ ಬೆಕ್ಕು

ತೆನಾಲಿ ರಾಮಕೃಷ್ಣನ ಬೆಕ್ಕಿನ ಕಥೆ ಕೇಳದವರು ಯಾರಿದ್ದಾರೆ? ಇಲಿಗಳ ಕಾಟ ಹೆಚ್ಚಾದಾಗ ಕೃಷ್ಣದೇವರಾಯ ಮನೆಗೊಂದು ಬೆಕ್ಕು, ಅದಕ್ಕೆ ಹಾಲುಣಿಸಲು ಒಂದು ಹಸು ಕೊಟ್ಟನಂತೆ. ರಾಮಕೃಷ್ಣ ಮೊದಲ ದಿನವೇ ಕುದಿಯುವ ಹಾಲನ್ನು ಬೆಕ್ಕಿನ ಮುಂದಿಟ್ಟ. ನಾಲಿಗೆ ಸುಟ್ಟುಕೊಂಡ ಬೆಕ್ಕು ಆಮೇಲೆ ಹಾಲು ಕಂಡರೆ ಓಡತೊಡಗಿತು. ಹಸುವಿನ ಹಾಲೆಲ್ಲ ಮನೆಯವರ ಪಾಲಾಯಿತು. ಯಾದಗಿರಿ, ಶಹಾಪುರ, ಸುರಪುರದ ಕಡೆಯ ಅಜ್ಜಿಯರು ಇಂದಿಗೂ ಈ ಕಥೆ ಹೇಳಿ ಮೊಮ್ಮಕ್ಕಳನ್ನು ನಗಿಸುತ್ತಾರೆ. ಬೆಕ್ಕಿನ ಕಡೆಯಿಂದ ನೋಡಿದರೆ ಮಾತ್ರ ನಗುವಂಥದ್ದೇನೂ ಇಲ್ಲ. ಎಲ್ಲಿ ನೋವಾಯಿತೋ ಅಲ್ಲಿಗೆ ಮತ್ತೆ ಹೋಗಬಾರದೆಂದು ಅದು ಕಲಿತಿತ್ತು, ಅಷ್ಟೆ.

ಈ ಕಥೆ ನೆನಪಾಗಲು ಕಾರಣ ಶಹಾಪುರದ ಒಂದು ಮನೆಯಲ್ಲಿ ಕೇಳಿದ ಸಂಗತಿ. ಆ ಮನೆಯ ಮಗಳು ಅಮೆರಿಕದಲ್ಲಿ ನೌಕರಿಯಲ್ಲಿದ್ದಾಳೆ. ಅಲ್ಲಿನ ಪ್ರಾಣಿಗಳ ಆಶ್ರಯ ಕೇಂದ್ರವೊಂದರಿಂದ ಆರು ವರ್ಷದ ಬೆಕ್ಕೊಂದನ್ನು ಮನೆಗೆ ತಂದಳು. ಹಿಂದಿನ ಯಜಮಾನರು ಅದರ ಮುಂಗಾಲುಗಳ ಉಗುರು ತೆಗೆಸಿದ್ದರು. ಬೆಕ್ಕು ಸಾಧುವಾಗಿತ್ತು. ಆದರೆ ಮಲಮೂತ್ರಕ್ಕೆಂದು ಇಟ್ಟ ಮರಳಿನ ಟ್ರೇಯನ್ನು ಬಿಟ್ಟು ರತ್ನಗಂಬಳಿ, ಹಾಸಿಗೆ, ಒಗೆಯಲು ಹಾಕಿದ ಬಟ್ಟೆಯ ರಾಶಿ, ಹೀಗೆ ಎಲ್ಲೆಂದರಲ್ಲಿ ಹೊಲಸು ಮಾಡುತ್ತಿತ್ತು. ಬೇಸತ್ತ ಮಗಳು ಅದನ್ನು ವಾಪಸು ಬಿಟ್ಟು ಬರುವುದಾಗಿ ಫೋನಿನಲ್ಲಿ ಹೇಳಿದಳು. ಆಗ ತಾಯಿ ಕೇಳಿದ್ದು ಒಂದೇ ಮಾತು: ‘ಮಣ್ಣಾಗ ಹೋಗೋ ಬೆಕ್ಕು ಹಾಸಗಿ ಮ್ಯಾಲ ಯಾಕ ಹೋಗ್ತದ? ಅದರ ಕಾಲಿಗಿ ಏನರೆ ಆಗೇದೇನು, ಮೊದ್ಲು ನೋಡವ್ವ.’

ಪಶುವೈದ್ಯಶಾಸ್ತ್ರ ಓದದ ಆ ತಾಯಿಯ ಮಾತಿನಲ್ಲೇ ಸಮಸ್ಯೆಯ ಮೂಲವಿತ್ತು.

ಬೆಕ್ಕು ಸ್ವಭಾವತಃ ಚೊಕ್ಕಟದ ಪ್ರಾಣಿ. ಸಂಸ್ಕೃತದ ‘ಮಾರ್ಜಾರ’ ಎಂಬ ಹೆಸರು ಒರೆಸು, ಶುಚಿಗೊಳಿಸು ಎಂಬ ಅರ್ಥದ ಧಾತುವಿನಿಂದ ಬಂದದ್ದು. ಮನೆಬೆಕ್ಕಿನ ಪೂರ್ವಜ ಆಫ್ರಿಕ ಮತ್ತು ಪಶ್ಚಿಮ ಏಷ್ಯದ ಒಣನಾಡಿನ ಕಾಡುಬೆಕ್ಕು. ಧಾನ್ಯ ಕೂಡಿಡಲು ಕಲಿತ ಮನುಷ್ಯನ ಬಳಿ ಇಲಿ ಬಂತು, ಇಲಿಯ ಹಿಂದೆ ಬೆಕ್ಕು ಬಂತು. ಸೈಪ್ರಸ್ ದ್ವೀಪದಲ್ಲಿ ಮನುಷ್ಯನ ಪಕ್ಕದಲ್ಲೇ ಬೆಕ್ಕನ್ನೂ ಹೂತಿದ್ದ ಸುಮಾರು 9,500 ವರ್ಷ ಹಳೆಯ ಸಮಾಧಿ ಸಿಕ್ಕಿರುವುದನ್ನು ವಿಜ್ಞಾನಿಗಳು 2004ರಲ್ಲಿ ಪ್ರಕಟಿಸಿದರು. ಸಡಿಲ ಮಣ್ಣು ಕೆದರಿ ಮಲ ಮುಚ್ಚುವ ಅಭ್ಯಾಸವನ್ನು ಬೆಕ್ಕು ಅಂದಿನಿಂದ ಇಂದಿನವರೆಗೆ ಬಿಟ್ಟಿಲ್ಲ.

ಜೋಳ, ತೊಗರಿ, ಭತ್ತ ಬೆಳೆಯುವ ನಮ್ಮ ಕಡೆಯ ಮನೆಗಳಲ್ಲಿ ಇದು ಎಂದೂ ಸಮಸ್ಯೆಯಾಗಿರಲಿಲ್ಲ. ಕಾಳಿನ ಚೀಲಗಳ ಕಾವಲಿಗೆ ಬೆಕ್ಕು ಬೇಕು. ಅದಕ್ಕೆ ಹಿತ್ತಲಿದೆ, ತಿಪ್ಪೆಯಿದೆ, ಮನೆ ಕಟ್ಟಲು ತಂದು ಸುರಿದ ಉಸುಕಿನ ಗುಂಪಿಯಿದೆ. ಪರಸಿ ಹಾಸಿದ ಪಡಸಾಲೆಯನ್ನು ದಾಟಿ ಬೆಕ್ಕು ತಾನಾಗಿಯೇ ಹೊರಗೆ ಹೋಗುತ್ತದೆ, ಕೆಲಸ ಮುಗಿಸಿ ಬರುತ್ತದೆ.

ಬಾಗಿಲು ಮುಚ್ಚಿದ ಮನೆಯೊಳಗಿನ ಬೆಕ್ಕಿನ ಕಥೆ ಬೇರೆ. ಅಮೆರಿಕದಲ್ಲಿ ಮೊದಲು ಬೂದಿ, ಮರಳನ್ನು ಪೆಟ್ಟಿಗೆಯಲ್ಲಿ ಹಾಕಿಡುತ್ತಿದ್ದರು. 1947ರಲ್ಲಿ ಮಿಷಿಗನ್ ರಾಜ್ಯದ ಎಡ್ವರ್ಡ್ ಲೋ ಎಂಬಾತ, ಬೆಕ್ಕಿಗೆ ಮರಳು ಕೇಳಲು ಬಂದ ನೆರೆಯಾಕೆಗೆ ಎಣ್ಣೆ ಹೀರಲು ಬಳಸುವ ಒಣ ಜೇಡಿಮಣ್ಣಿನ ಹರಳು ಕೊಟ್ಟ. ಅದೇ ಮುಂದೆ ‘ಕಿಟ್ಟಿ ಲಿಟರ್’ ಎಂಬ ದೊಡ್ಡ ವ್ಯಾಪಾರವಾಯಿತು. ಬೆಕ್ಕು ದಿನವಿಡೀ ಮನೆಯೊಳಗೇ ಇರುವುದು ಸುಲಭವಾಯಿತು. ಒಳಗೇ ಇರುವ ಬೆಕ್ಕು ಸೋಫಾ ಕೆರೆಯದೆ ಇದ್ದೀತೆ? ಅದಕ್ಕೆ ಅಲ್ಲಿ ಕಂಡುಕೊಂಡ ಉಪಾಯಗಳಲ್ಲಿ ಒಂದು ಉಗುರು ತೆಗೆಸುವ ಶಸ್ತ್ರಕ್ರಿಯೆ.

ಹೆಸರು ಕೇಳಿದರೆ ನಾವು ಉಗುರು ಕತ್ತರಿಸಿಕೊಂಡಂತೆ ಅನ್ನಿಸುತ್ತದೆ. ವಾಸ್ತವ ಹಾಗಿಲ್ಲ. ಬೆಕ್ಕಿನ ಉಗುರು ಬೆರಳಿನ ತುದಿಮೂಳೆಯಿಂದಲೇ ಬೆಳೆಯುತ್ತದೆ. ಅದು ಮತ್ತೆ ಬೆಳೆಯಬಾರದೆಂದರೆ ಆ ಮೂಳೆಯನ್ನೇ ತೆಗೆಯಬೇಕು. ನಮ್ಮ ಕೈಬೆರಳುಗಳನ್ನು ಕೊನೆಯ ಗೆಣ್ಣಿಗೆ ಕತ್ತರಿಸಿದಂತೆ! ಮುಂಗಾಲುಗಳಲ್ಲಿ ಒಟ್ಟು ಹತ್ತು ಬೆರಳು, ಅಂದರೆ ಹತ್ತು ಕಡೆ ಗಾಯ. ಮೇಲಾಗಿ ಬೆಕ್ಕು ನಡೆಯುವುದೇ ಬೆರಳುಗಳ ಮೇಲೆ.

ಗಾಯ ಹಸಿಯಿರುವಾಗ ಟ್ರೇಗೆ ಇಳಿದು ಮರಳು ಕೆದರಿದರೆ ಹರಳು ಚುಚ್ಚುತ್ತದೆ. ‘ಈ ಜಾಗ ನೋಯಿಸುತ್ತದೆ’ ಎಂದು ಬೆಕ್ಕು ಕಲಿಯುತ್ತದೆ. ಗಾಯ ಮಾಯ್ದರೂ ಆ ಪಾಠ ಉಳಿಯಬಹುದು. ಎಷ್ಟೋ ಬೆಕ್ಕುಗಳಲ್ಲಿ ನೋವೂ ಉಳಿಯುತ್ತದೆ. 137 ಉಗುರು ತೆಗೆಸಿದ ಹಾಗೂ ಅಷ್ಟೇ ಸಂಖ್ಯೆಯ ಉಗುರುಳ್ಳ ಬೆಕ್ಕುಗಳನ್ನು ಹೋಲಿಸಿದ ಅಮೆರಿಕದ ಅಧ್ಯಯನವೊಂದು 2017ರಲ್ಲಿ ಪ್ರಕಟವಾಯಿತು. ಟ್ರೇ ಬಿಟ್ಟು ಹೊಲಸು ಮಾಡುವುದು, ಕಚ್ಚುವುದು, ಬೆನ್ನುನೋವು ಮೂರೂ ಮೊದಲ ಗುಂಪಿನಲ್ಲಿ ಸ್ಪಷ್ಟವಾಗಿ ಹೆಚ್ಚಿದ್ದವು. ಆ ಗುಂಪಿನ ನೂರಕ್ಕೆ 63 ಬೆಕ್ಕುಗಳ ಪಾದದಲ್ಲಿ ಕತ್ತರಿಸಿದ ಮೂಳೆಯ ಚೂರುಗಳು ಉಳಿದಿದ್ದವು. ಚಪ್ಪಲಿಯೊಳಗೆ ಕಲ್ಲು ಸಿಕ್ಕಿಕೊಂಡು ನಡೆದವರಿಗೆ ಇದು ಸ್ವಲ್ಪವಾದರೂ ಅರ್ಥವಾದೀತು. ಅಂಥ ಬೆಕ್ಕು ಮೆತ್ತಗಿನ ಹಾಸಿಗೆ ಹುಡುಕುವುದು ಹಟಕ್ಕಲ್ಲ, ಕಾಲಿಗೆ ಹಿತವೆಂದು.

ಹಾಗಾದರೆ ಇಂಥ ಬೆಕ್ಕನ್ನು ಸಾಕಲು ತಂದವರು ಏನು ಮಾಡಬೇಕು?

ಮೊದಲ ಕೆಲಸ ಪಶುವೈದ್ಯರಿಗೆ ತೋರಿಸುವುದು. ಮೂತ್ರಕೋಶದ ಸೋಂಕು, ಕಲ್ಲು ಇದ್ದರೂ ಬೆಕ್ಕು ಟ್ರೇ ಬಿಡುತ್ತದೆ. ಗಂಡುಬೆಕ್ಕು ಪದೇ ಪದೇ ತಿಣುಕಿಯೂ ಮೂತ್ರ ಬಾರದಿದ್ದರೆ ಅದು ಪ್ರಾಣಾಪಾಯ, ಕೂಡಲೇ ವೈದ್ಯರ ಬಳಿ ಒಯ್ಯಬೇಕು. ಇಂಥ ಬೆಕ್ಕಿನ ಪಾದದ ಎಕ್ಸ್‌ರೇ ಮಾಡಿಸಲು ಕೇಳಬೇಕು. ನೋವಿದೆಯೆಂದು ಮನೆಯಲ್ಲಿರುವ ಪ್ಯಾರಾಸಿಟಮಾಲ್ ಮಾತ್ರೆ ಕೊಡಲೇಬಾರದು. ಮನುಷ್ಯರ ಜ್ವರ ಇಳಿಸುವ ಆ ಮಾತ್ರೆ ಬೆಕ್ಕಿಗೆ ವಿಷ.

ಎರಡನೆಯದು ಟ್ರೇಯೊಳಗಿನ ವಸ್ತು. ದಪ್ಪ ಹರಳು, ಗುಳಿಗೆಯಂಥವು, ಸುವಾಸನೆ ಬೆರೆಸಿದವು ಬೇಡ. ಅಂಗಡಿಯ ಲಿಟರ್ ಆದರೆ ಅತಿ ನುಣುಪಾದದ್ದನ್ನು ಆರಿಸಬೇಕು. ಇಲ್ಲವೇ ಸಣ್ಣ ಜರಡಿಯಲ್ಲಿ ಹಿಡಿದ, ಹರಳಿಲ್ಲದ ಒಣ ಉಸುಕು ಆದೀತು. ಕಾಲು ತೀರ ಸೂಕ್ಷ್ಮವಿದ್ದರೆ ಕೆಲವು ದಿನ ಕಾಗದದ ಚೂರು ಹಾಕಬಹುದು. ಎರಡು ಟ್ರೇಗಳಲ್ಲಿ ಎರಡು ಬಗೆಯದನ್ನಿಟ್ಟು ಯಾವುದು ಬೇಕೆಂಬುದನ್ನು ಬೆಕ್ಕಿಗೇ ಬಿಡುವುದು ಇನ್ನೂ ಒಳ್ಳೆಯದು.

ಮೂರನೆಯದು ಟ್ರೇ ಮತ್ತು ಜಾಗ. ಟ್ರೇ ಅಗಲವಾಗಿರಲಿ, ನೆಗೆಯದೆ ಒಳಗೆ ಕಾಲಿಡುವಷ್ಟು ಅಂಚು ತಗ್ಗಾಗಿರಲಿ. ನೋವಿನ ನೆನಪು ಹಳೆಯ ಟ್ರೇಗೆ ಅಂಟಿಕೊಂಡಿದ್ದರೆ ಬೇರೆ ಆಕಾರದ ಹೊಸದನ್ನು ತರಬೇಕು. ಒಂದು ಬೆಕ್ಕಿಗೆ ಎರಡು, ಎರಡು ಬೆಕ್ಕಿಗೆ ಮೂರು ಟ್ರೇ ಎಂಬುದು ಪಶುವೈದ್ಯರು ಹೇಳುವ ಲೆಕ್ಕ. ಊಟದ ತಟ್ಟೆಯಿಂದ ದೂರ, ಗದ್ದಲವಿಲ್ಲದ ಮೂಲೆಯಲ್ಲಿಟ್ಟು ದಿನವೂ ಸ್ವಚ್ಛ ಮಾಡಬೇಕು. ಮೊದಲ ಕೆಲವು ವಾರ ಬೆಕ್ಕನ್ನು ಒಂದೇ ಕೋಣೆಯಲ್ಲಿಟ್ಟು ರೂಢಿ ಮಾಡಿಸುವುದು ಸುಲಭ.

ಹೊಲಸಾದ ಜಾಗದ ವಾಸನೆ ಪೂರ್ತಿ ಹೋಗದಿದ್ದರೆ ಬೆಕ್ಕು ಮತ್ತೆ ಅಲ್ಲಿಗೇ ಬರುತ್ತದೆ. ಇದಕ್ಕೆಂದೇ ಕಿಣ್ವಗಳಿರುವ ದ್ರಾವಣಗಳು ಸಿಗುತ್ತವೆ. ಫಿನಾಲ್ ಬೆರೆತ ಫಿನಾಯಿಲ್ ಮಾತ್ರ ಬೇಡ, ಕಾಲಿಗಂಟಿದ್ದನ್ನು ನೆಕ್ಕುವ ಬೆಕ್ಕಿಗೆ ಅದೂ ವಿಷ. ಇನ್ನು ಹೊಡೆಯುವುದು, ಮೂತಿಯನ್ನು ಹೊಲಸಿಗೆ ಒತ್ತುವುದು ಇವುಗಳಿಂದ ಬೆಕ್ಕು ಕಲಿಯುವುದು ಭಯವನ್ನು ಮಾತ್ರ. ನಾಯಿ ಬೆನ್ನಟ್ಟಿದರೆ ಮರ ಹತ್ತಲು ಉಗುರಿಲ್ಲದ್ದರಿಂದ ಅದನ್ನು ಒಂಟಿಯಾಗಿ ಹೊರಗೆ ಬಿಡುವಂತೆಯೂ ಇಲ್ಲ.

ಹಲವು ದೇಶಗಳು ಈ ಶಸ್ತ್ರಕ್ರಿಯೆಯನ್ನು ನಿಲ್ಲಿಸಿವೆ. 1987ರ ಯುರೋಪಿನ ಸಾಕುಪ್ರಾಣಿ ಒಡಂಬಡಿಕೆ ಇದನ್ನು ನಿಷೇಧದ ಪಟ್ಟಿಗೆ ಸೇರಿಸಿತು. ಅಮೆರಿಕದ ರಾಜ್ಯಗಳ ಪೈಕಿ ಮೊದಲು ನಿಷೇಧಿಸಿದ್ದು ನ್ಯೂಯಾರ್ಕ್, 2019ರಲ್ಲಿ. ರುಕ್ಮಿಣಿದೇವಿ ಅರುಂಡೇಲ್ ಅವರ ಪ್ರಯತ್ನದ ಫಲವಾಗಿ ಬಂದ ನಮ್ಮ 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯು ಪ್ರಾಣಿಗಳನ್ನು ಅಂಗಹೀನಗೊಳಿಸುವುದು ಅಪರಾಧವೆನ್ನುತ್ತದೆ. ಆದರೆ ಉಗುರು ತೆಗೆಸುವುದನ್ನು ಹೆಸರಿಸಿ ಹೇಳುವುದಿಲ್ಲ. ಮೊದಲ ಅಪರಾಧಕ್ಕೆ ಅದು ವಿಧಿಸುವ ದಂಡವೂ 10ರಿಂದ 50 ರೂಪಾಯಿ ಮಾತ್ರ.

ನಮ್ಮ ಪಟ್ಟಣಗಳಲ್ಲೂ ಈಗ ಹಿತ್ತಲಿಲ್ಲದ ಮನೆಗಳು, ಹಣ ಕೊಟ್ಟು ತಂದ ಬೆಕ್ಕುಗಳು ಹೆಚ್ಚುತ್ತಿವೆ. ಸೋಫಾ ಉಳಿಯಬೇಕೆಂದರೆ ಗೋಣಿಚೀಲ ಬಿಗಿಯಾಗಿ ಸುತ್ತಿದ ಒಂದು ಮರದ ತುಂಡು ನಿಲ್ಲಿಸಿದರೆ ಬೆಕ್ಕು ಅದನ್ನೇ ಕೆರೆಯುತ್ತದೆ. ಎರಡು ಮೂರು ವಾರಕ್ಕೊಮ್ಮೆ ಉಗುರಿನ ತುದಿ ಕತ್ತರಿಸಿದರೂ ಸಾಕು.

ಶಹಾಪುರದ ಆ ಮಗಳು ತಾಯಿಯ ಮಾತು ಕೇಳಿದಳು. ಎಕ್ಸ್‌ರೇಯಲ್ಲಿ ಎರಡು ಬೆರಳುಗಳಲ್ಲಿ ಮೂಳೆಯ ಚೂರು ಕಂಡಿತು. ಚಿಕಿತ್ಸೆಯಾಯಿತು, ಟ್ರೇ ಬದಲಾಯಿತು, ನುಣುಪು ಮರಳು ಬಂತು. ಸರಿಹೋಗಲು ಎರಡು ತಿಂಗಳು ಹಿಡಿಯಿತು. ಈಗಲೂ ಒಮ್ಮೊಮ್ಮೆ ಹಾಸಿಗೆ ಒದ್ದೆಯಾಗುತ್ತದಂತೆ. ಆದರೆ ಬೆಕ್ಕನ್ನು ವಾಪಸು ಬಿಡುವ ಮಾತು ಆ ಮನೆಯಲ್ಲಿ ಮತ್ತೆ ಬಂದಿಲ್ಲ.